ಪಚ್ಚೆಯೊಳಗಿನ ಹಳದಿ ಗೆರೆ

ರತ್ನ ಪರೀಕ್ಷಿಸುವ ಕೆಲಸಕ್ಕೆ ವಿಶಾಲಾಕ್ಷಿ ಸೇರಿ ಎರಡೇ ತಿಂಗಳಾಗಿತ್ತು. ಒಡವೆ ವ್ಯಾಪಾರಿ ಪದ್ಮನಾಭಯ್ಯನವರು ಒಂದು ಪಚ್ಚೆಕಲ್ಲು ತಂದು ಅವಳ ಮೇಜಿನ ಮೇಲಿಟ್ಟರು.

"ಇದಕ್ಕೆ ಯಾರೂ ಏನೂ ಮಾಡಿಲ್ಲ, ಅಪ್ಪಟ ಅಂತ ಬರೆದುಕೊಡು. ಹೋದ ವರ್ಷ ಈ ಕುರ್ಚೀಲಿ ಕೂತಿದ್ದವನು ನನ್ನ ಮಾತು ಕೇಳಲಿಲ್ಲ. ಈಗ ಅವನು ಇಲ್ಲಿಲ್ಲ."

ವಿಶಾಲಾಕ್ಷಿ ಕೋಣೆ ಕತ್ತಲು ಮಾಡಿ, ಕಲ್ಲಿನ ಮೇಲೆ ನೇರಳಾತೀತ ದೀಪ ಹಿಡಿದಳು. ಹಸಿರಿನೊಳಗೆ ಹಳದಿ ಗೆರೆಗಳು ಹೊಳೆದವು. ಬಿರುಕು ಮುಚ್ಚಲು ತುಂಬಿದ ಎಣ್ಣೆ ಆ ದೀಪಕ್ಕೆ ಹಾಗೆಯೇ ಹೊಳೆಯುತ್ತದೆ.

"ಅದು ಕಲ್ಲಿನ ಸಹಜ ಕಾಂತಿ," ಅಂದರು ಪದ್ಮನಾಭಯ್ಯನವರು. "ಬರಿ."

ಬರೆದರೆ ಸುಳ್ಳು. ಬರೆಯದಿದ್ದರೆ ಕೆಲಸ ಹೋಯಿತು.

"ಬರೀತೀನಿ ಸರ್," ಅಂದಳು. ಚೀಲದಿಂದ ಉಗುರುಬಣ್ಣ ಅಳಿಸುವ ದ್ರವದ ಸೀಸೆ ತೆಗೆದು ಬಟ್ಟಲಿಗೆ ಸುರಿದಳು. "ಎಣ್ಣೆಯಾದ್ರೆ ಇದರಲ್ಲಿ ಬಿಟ್ಟುಹೋಗುತ್ತೆ, ಬಿರುಕೆಲ್ಲ ಎದ್ದು ಕಾಣುತ್ತೆ. ಸಹಜ ಕಾಂತಿ ಎಲ್ಲಿಗೆ ಹೋಗುತ್ತೆ? ಸ್ವಲ್ಪ ಹೊತ್ತು ನೆನೆಸಿ, ಆಮೇಲೆ ಅಪ್ಪಟ ಅಂತಲೇ ಬರೀತೀನಿ."

ಚಿಮುಟದಲ್ಲಿ ಕಲ್ಲು ಎತ್ತಿ ಬಟ್ಟಲಿನತ್ತ ತಂದಳು.

ಪದ್ಮನಾಭಯ್ಯನವರು ಎರಡೂ ಕೈಯಿಂದ ಬಟ್ಟಲು ಮುಚ್ಚಿದರು.

"ಎಣ್ಣೆ ಇದೆ ಅಂತಲೇ ಬರಿ ತಾಯಿ," ಅಂದರು. "ತೆಗೆಯೋದು ಮಾತ್ರ ಬೇಡ."