ಕೋವಿಗೆ ಬೇಡವಾದ ಹಾರ

ಮೊದಲ ಸಲ ಕೋಣದ ಬೇಟೆಗೆ ಹೊರಟ ಯಜಮಾನನಿಗೆ ಕೋವಿ ಹೇಳಿತು: “ಒಡೆಯಾ, ಕಾಡಿಗೇ ಹೋಗೋಣ. ಅಲ್ಲಿ ಕೋಣಕ್ಕೂ ತಪ್ಪಿಸಿಕೊಳ್ಳಲು ದಾರಿಯಿರುತ್ತದೆ.”

ಯಜಮಾನ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಬೇಟೆಗೆಂದೇ ಕೋಣಗಳನ್ನು ಸಾಕಿದ್ದ ತನ್ನ ಬೇಲಿಯೊಳಗೆ ಹೋಗಿ ಹಿಂಡಿಯ ಬಕೆಟ್ಟು ಅಲ್ಲಾಡಿಸಿದ. ಕೋಣವೊಂದು ಎಂದಿನಂತೆ ಬಾಲ ಬೀಸುತ್ತಾ ಬಂದು ಬಕೆಟ್ಟಿಗೆ ಮೂತಿಯಿಟ್ಟಿತು. ಈಡು ಹಾರಿತು.

ಸಂಜೆ ನೆಂಟರೆದುರು ಯಜಮಾನ, “ತಲೆ ಬಗ್ಗಿಸಿ ನನ್ನ ಮೇಲೇ ನುಗ್ಗಿತು!” ಎಂದು ಕೊಚ್ಚಿಕೊಳ್ಳುತ್ತಾ ಕೋವಿಗೆ ಹಾರ ಹಾಕಲು ಬಂದ.

ಕೋವಿಗೆ ಮೈಯೆಲ್ಲ ಉರಿದುಹೋಯಿತು. “ಮುಟ್ಟಬೇಡಿ ನನ್ನನ್ನು! ಅದು ತಲೆ ಬಗ್ಗಿಸಿದ್ದು ತಿನ್ನುವುದಕ್ಕೆ. ಬೇಟೆಯಾಡಿದ್ದು ಬಕೆಟ್ಟು. ಹಾರ ಅದಕ್ಕೇ ಹಾಕಿ!”

ಮೂಲೆಯಲ್ಲಿದ್ದ ಬಕೆಟ್ಟು ಅಂಗಲಾಚಿತು: “ಬೇಡ ಒಡೆಯಾ! ನಾಳೆ ಉಳಿದ ಕೋಣಗಳ ಮುಂದೆ ಯಾವ ಮುಖ ಇಟ್ಟುಕೊಂಡು ಹೋಗಲಿ?”