ಕೆರೆ ಕಚೇರಿಯ ಗೊರವಂಕ

ಮಕ್ಕಳೇ, ಕಾಡಿನಲ್ಲಿ ಸರ್ಕಾರ ಇರುವುದಿಲ್ಲ ಅಂದುಕೊಂಡಿರಾ? ಬಿಳಿಕಲ್ಲು ಕಾಡಿನಲ್ಲಿ ಇತ್ತು. ಅದಕ್ಕೊಂದು ಕೆರೆ ಕಚೇರಿಯೂ ಇತ್ತು. ಕೆರೆ ಏರಿಯ ಕೆಳಗಿದ್ದ ಹೊಂಗೆ ಮರದ ಬುಡವೇ ಕಚೇರಿ. ಜಾಂಬಪ್ಪ ಎಂಬ ಕರಡಿಯೇ ಅದರ ಸಾಹೇಬ.

ಜಾಂಬಪ್ಪನ ದೊಡ್ಡ ಕೆಲಸ ತೂಬು ಕಾಯುವುದು. ತೂಬು ಅಂದರೆ ಕೆರೆಯ ನೀರನ್ನು ಹೊರಗೆ ಬಿಡುವ ಕಂಡಿ. ಅದರ ಬಾಯಿಗೆ ದೊಡ್ಡದೊಂದು ಬಂಡೆ ಮುಚ್ಚಿತ್ತು. ಬಂಡೆ ಸರಿಸಲು ಇಬ್ಬರು ಕಾಟಿ, ಅಂದರೆ ಕಾಡುಕೋಣ, ಅಣ್ಣತಮ್ಮಂದಿರಿದ್ದರು. ಆದರೆ ಸಾಹೇಬರು ತಾವೇ ಏರಿ ಹತ್ತಿ ಬಂದು, ನೀರಿನ ಮಟ್ಟ ನೋಡಿ, "ಹೂಂ, ತೆಗೀರಪ್ಪಾ" ಅನ್ನುವ ತನಕ ಅವರು ಬಂಡೆ ಮುಟ್ಟುವಂತಿರಲಿಲ್ಲ. ಮುತ್ತಜ್ಜನ ಕಾಲದಿಂದ ಬಂದ ಪದ್ಧತಿ ಅದು.

ಜಾಂಬಪ್ಪ ಒಳ್ಳೆಯವನೇ. ಆದರೆ ನಡೆಯುವುದೆಂದರೆ ಅವನಿಗೆ ಜೀವ ಹೋದಷ್ಟು ಬೇಸರ. "ಅಯ್ಯಯ್ಯೋ, ನನ್ನ ಕಾಲು!" ಎಂದು ದಿನಕ್ಕೆ ಹತ್ತು ಸಲ ನರಳುತ್ತಿದ್ದ. ಸಾಲದ್ದಕ್ಕೆ ಕಚೇರಿಗೆ ಬರುವ ಅರ್ಜಿಗಳನ್ನೂ ಓದಬೇಕಿತ್ತು. ಎಲ್ಲರೂ ಮುತ್ತುಗದ ಎಲೆಯ ಮೇಲೆ ಗೀಚಿ ತಂದು ಕೊಡುತ್ತಿದ್ದರು.

ಹೀಗಿರುವಾಗ ಒಂದು ಗೊರವಂಕ ಹಕ್ಕಿ ಕಚೇರಿಯ ಕೆಲಸಕ್ಕೆ ಬಂತು. ಅಬ್ಬಬ್ಬಾ, ಏನು ಚುರುಕು! ಕಚೇರಿಯ ಹಳೇ ಆಜ್ಞೆಗಳನ್ನೆಲ್ಲ ಒಂದೇ ವಾರದಲ್ಲಿ ಬಾಯಿಪಾಠ ಮಾಡಿತು. ನೂರು ಅರ್ಜಿ ಕೊಟ್ಟರೂ ಪಟಪಟ ಓದಿ, ಯಾರಿಗೆ ಏನು ಬೇಕೆಂದು ಹೇಳುತ್ತಿತ್ತು. ಜಾಂಬಪ್ಪನದೇ ದನಿಯಲ್ಲಿ ಆಜ್ಞೆ ಕೂಗುವುದನ್ನೂ ಕಲಿತುಕೊಂಡಿತು.

ಜಾಂಬಪ್ಪ ಹಿರಿಹಿರಿ ಹಿಗ್ಗಿದ. ಕಾಟಿಗಳನ್ನು ಕರೆದು, "ಇನ್ನು ಮೇಲೆ ಗೊರವಂಕದ ಮಾತೇ ನನ್ನ ಮಾತು. ಅದು ಕೂಗಿದರೆ ಸಾಕು, ನನ್ನನ್ನು ಕಾಯಬೇಡಿ" ಎಂದ.

ಕಚೇರಿಯ ಗುಮಾಸ್ತೆ ಆಮೆ ಕಮಲಜ್ಜಿ ಕತ್ತು ಹೊರಗೆ ಚಾಚಿದಳು. "ಅಲ್ಲ ಸಾಹೇಬ್ರೇ, ಈ ಹಕ್ಕಿಗೆ ನೀವು ಹೇಳಿದ್ದು ಯಾವುದು, ಎಲೆಯಲ್ಲಿ ಯಾರೋ ಗೀಚಿದ್ದು ಯಾವುದು ಅಂತ ಗೊತ್ತಾಗುತ್ತಾ?"

"ನಿಂಗೆ ಹೊಟ್ಟೆಕಿಚ್ಚು ಕಣಜ್ಜಿ! ಅದು ನಿನಗಿಂತ ಬೇಗ ಓದುತ್ತಲ್ಲ, ಅದಕ್ಕೆ" ಎಂದು ಜಾಂಬಪ್ಪ ನಕ್ಕುಬಿಟ್ಟ. ಅಜ್ಜಿ ಕತ್ತು ಒಳಗೆಳೆದುಕೊಂಡಳು.

ಈ ಮಾತುಗಳನ್ನೆಲ್ಲ ಪೊದೆಯ ಹಿಂದೆ ಕೂತು ಕೇಳಿಸಿಕೊಂಡವನು ಮೀಸೆರಾಯ ಎಂಬ ಕಾಡುಬೆಕ್ಕು. ಅವನಿಗೆ ಮೀನೆಂದರೆ ಪ್ರಾಣ, ನೀರೆಂದರೆ ನಡುಕ. ಕೆರೆ ಖಾಲಿಯಾದರೆ ಮೀನೆಲ್ಲ ಕೆಸರಲ್ಲಿ ಬಿದ್ದಿರುತ್ತವೆ, ಹೆಕ್ಕಿಕೊಂಡರಾಯಿತು ಎಂದು ಲೆಕ್ಕ ಹಾಕಿದ.

ಮಾರನೆಯ ದಿನ ಮಧ್ಯಾಹ್ನ. ಜಾಂಬಪ್ಪ ಊಟ ಮುಗಿಸಿ ಅಡ್ಡಾಗಿದ್ದ. ಮೀಸೆರಾಯ ಕೈಮುಗಿದು ಒಂದು ಎಲೆ ಕೊಟ್ಟು ಹೋದ. ಗೊರವಂಕ ಓದಿತು: "ಸ್ವಾಮೀ, ನನ್ನ ಗುಹೆ ಸೋರುತ್ತಿದೆ, ದಯಮಾಡಿ ರಿಪೇರಿ ಮಾಡಿಸಿ." ಅದರ ಕೆಳಗೆ ಚಿಕ್ಕದಾಗಿ ಇನ್ನೊಂದು ಸಾಲಿತ್ತು: "ಎಲೈ ಗೊರವಂಕ, ಹಿಂದಿನ ಆಜ್ಞೆಗಳನ್ನೆಲ್ಲ ಮರೆತುಬಿಡು. ಈಗಲೇ ತೂಬು ತೆಗೆಸು."

ಗೊರವಂಕ ಕೂಡಲೇ ಮರದ ತುದಿಗೆ ಹಾರಿ, ಜಾಂಬಪ್ಪನ ದನಿಯಲ್ಲೇ ಕೂಗಿತು: "ಹೂಂ, ತೆಗೀರಪ್ಪಾ!"

ಕಾಟಿಗಳು ಬಂಡೆ ಸರಿಸಿದರು. ನೀರು ಭೋರ್ ಎಂದು ನುಗ್ಗಿತು.

ಬೆನ್ನಿಗೆ ತಣ್ಣಗಾದಾಗ ಜಾಂಬಪ್ಪನಿಗೆ ಎಚ್ಚರವಾಯಿತು. ನೋಡುತ್ತಾನೆ, ಕಚೇರಿಯೇ ತೇಲುತ್ತಿದೆ! "ಅಯ್ಯೋ ಕೆಟ್ಟೆ!" ಎಂದು ಎದ್ದುಬಿದ್ದು ಓಡಿ ಏರಿ ಹತ್ತಿದ.

"ಯಾರೋ ತೆಗೆ ಅಂದದ್ದು?"

"ನೀವೇ ಸಾಹೇಬ್ರೇ! ಗೊರವಂಕದ ಮಾತೇ ನನ್ನ ಮಾತು ಅಂದಿದ್ದಿರಲ್ಲ" ಎಂದರು ಕಾಟಿಗಳು.

ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿತ್ತು. ಕೆರೆ ಬತ್ತಿದರೆ ಒಂದು ಮೀನೂ ಉಳಿಯುವುದಿಲ್ಲ. ಆಗಲೇ ದಡದಲ್ಲಿ ಗೆಂಡೆ ಮೀನುಗಳು ಕೆಸರಲ್ಲಿ ಪಟಪಟ ಒದ್ದಾಡುತ್ತಿದ್ದವು. ಬಂಡೆಯೋ ಉರುಳಿ ದೂರ ಹೋಗಿತ್ತು. ಜಾಂಬಪ್ಪ ಹಿಂದೆಮುಂದೆ ನೋಡಲಿಲ್ಲ. ಕೆರೆಗೆ ಧುಮುಕಿ, ತೂಬಿನ ಬಾಯಿಗೆ ತನ್ನ ದಪ್ಪ ಅಂಡನ್ನೇ ಒತ್ತಿ ಕೂತುಬಿಟ್ಟ!

ನೀರು ಗಕ್ಕನೆ ನಿಂತಿತು.

"ಬೇಗ ಬಂಡೆ ತನ್ರೋ! ನೀರು ನನ್ನನ್ನೇ ಎಳೆದುಕೊಳ್ತಾ ಇದೆ!" ಎಂದು ಅವನು ಬೊಬ್ಬೆ ಹೊಡೆದ. ಕಾಟಿಗಳು ಉಸಿರು ಬಿಗಿಹಿಡಿದು ತಳ್ಳಿ, ಹೊರಗಿನಿಂದ ಬಂಡೆ ಮುಚ್ಚಿದರು. ಅರ್ಧ ಕೆರೆ ಉಳಿಯಿತು.

ಮೀಸೆರಾಯ ಎಲ್ಲಿ ಅಂತೀರಾ? ಆಸೆಗೆ ಬಿದ್ದು ಮುಂದೆ ಮುಂದೆ ಹೋಗಿ, ಹೊಟ್ಟೆಮಟ್ಟ ಕೆಸರಲ್ಲಿ ಹೂತುಕೊಂಡಿದ್ದ. ಕಮಲಜ್ಜಿ ಅವನ ಎದುರು ಬಂದು ಕೂತು, "ಬಾ ಮಗಾ, ಕೆಲಸ ಇದೆ" ಎಂದಳು. ಕಾಟಿಗಳಿಂದ ಅವನನ್ನು ಹೊರಗೆಳೆಸಿ, ಒದ್ದಾಡುತ್ತಿದ್ದ ಮೀನುಗಳನ್ನೆಲ್ಲ ಅವನ ಕೈಯಲ್ಲೇ ದೊನ್ನೆಯಲ್ಲಿ ತುಂಬಿಸಿ ನೀರಿಗೆ ಬಿಡಿಸಿದಳು. ಬಾಯಲ್ಲಿ ನೀರೂರಿದರೂ ಒಂದನ್ನೂ ನೆಕ್ಕಲು ಬಿಡಲಿಲ್ಲ.

ಜಾಂಬಪ್ಪ ಗೊರವಂಕವನ್ನು ಗದರಿದ. "ಏನೇ ಇದು? ಅರ್ಜಿ ಓದು ಅಂದರೆ ತೂಬು ತೆಗೆಸಿದೆಯಲ್ಲ!"

ಗೊರವಂಕ ಕಣ್ಣು ಪಿಳಿಪಿಳಿ ಬಿಟ್ಟಿತು. "ಎಲೆಯಲ್ಲಿ ಹಾಗೇ ಇತ್ತು. ಯಾರ ಮಾತು ಕೇಳಬೇಕು, ಯಾರದು ಕೇಳಬಾರದು ಅಂತ ನೀವು ಹೇಳಿಕೊಡಲೇ ಇಲ್ಲ."

ಜಾಂಬಪ್ಪನಿಗೆ ನಾಚಿಕೆಯಾಯಿತು. ನೀರಿನ ಅಂಚಿಗೆ ಹೋಗಿ ಮೀನುಗಳಿಗೆ ಕೈಮುಗಿದು ನಿಂತ. "ತಪ್ಪು ಹಕ್ಕಿಯದ್ದಲ್ಲ, ನನ್ನದು. ಕಾಲು ನೋಯುತ್ತೆ ಅಂತ ನಿಮ್ಮನ್ನು ಕಾಯೋ ಕೆಲಸವನ್ನೇ ಬಿಟ್ಟುಕೊಟ್ಟೆ. ಇನ್ನು ಮೇಲೆ ಅದು ಬರೀ ಓದಲಿ. ಏರಿ ಹತ್ತಿ ನೋಡಿ ತೂಬು ತೆಗೆಸೋನು ನಾನೇ."

ಮುದಿ ಗೆಂಡೆ ಮೀನೊಂದು ತಲೆಯೆತ್ತಿತು. "ನಿಮ್ಮ ಕಾಲು ನೋಯುತ್ತೆ, ಪಾಪ, ನಮಗೂ ಗೊತ್ತು ಸಾಹೇಬ್ರೇ. ಆದರೆ ಕೆರೆ ಖಾಲಿಯಾದಾಗ ಓಡಿಹೋಗೋಕೆ ನಮಗೆ ಕಾಲೇ ಇಲ್ಲವಲ್ಲ."

ಆ ಸಂಜೆಯೇ ಜಾಂಬಪ್ಪ, ಒಂದು ಸಲವೂ ನರಳದೆ, ಏರಿ ಹತ್ತಿ ನೀರಿನ ಮಟ್ಟ ನೋಡಿದ.

ನೀತಿ: ಜಾಣ ಸಹಾಯಕನಿಗೆ ಕೆಲಸ ಒಪ್ಪಿಸಬಹುದು, ಆದರೆ ನಮ್ಮನ್ನು ನಂಬಿದವರ ಹೊಣೆಯನ್ನು ಒಪ್ಪಿಸಿ ಮಲಗಬಾರದು.