ಜಿಗಣೆ ನೋಡಿದ ರಕ್ತ

ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೂ ಮೊಲಕ್ಕೆ ಚಳಿ ಬಿಡಲಿಲ್ಲ. ಕೂದಲು ಉದುರುತ್ತಿತ್ತು, ನೆಗೆಯಲು ಕಾಲು ಏಳುತ್ತಿರಲಿಲ್ಲ. ಕೆರೆದಂಡೆಯಲ್ಲಿ ರಕ್ತ ನೋಡಿ ಹೇಳುವ ಜಿಗಣೆಯ ಬಳಿ ಹೋಯಿತು. ಜಿಗಣೆ ಕಿವಿಯಿಂದ ಒಂದು ಗುಟುಕು ಹೀರಿ, "ಥೈರಾಯ್ಡ್ ನಾರ್ಮಲ್" ಎಂದಿತು.

"ಮತ್ತೆ ಈ ಚಳಿ ಯಾಕೆ, ಜಿಗಣೆಯವರೇ?"

"ರಕ್ತದಲ್ಲಿ ಚಳಿಯ ರುಚಿಯೇ ಇಲ್ಲ. ಅದು ನಿಮ್ಮ ಮನಸ್ಸಿನದು."

ಇರಬಹುದು ಎನಿಸಿತು ಮೊಲಕ್ಕೆ. ಆಮೇಲೆ ಅದು ಚಳಿಯ ಸುದ್ದಿ ಎತ್ತಲಿಲ್ಲ. ಬಂದಾಗಲೆಲ್ಲ ಸುಮ್ಮನೆ ಕಿವಿ ಚಾಚುತ್ತಿತ್ತು.

ಒಂದು ಬೆಳಿಗ್ಗೆ ಜಿಗಣೆ ಆ ಕಿವಿಗಂಟಿಕೊಂಡು ಬಹಳ ಹೊತ್ತು ಕೂತಿತು. "ಇವತ್ತೂ ನಾರ್ಮಲ್. ಮೊದಲೆಲ್ಲ ನಿಮ್ಮ ಮೈ ನನ್ನನ್ನು ಸುಡುತ್ತಿತ್ತು. ಈಗ ನೋಡಿ, ನನ್ನ ಮೈಯ ಹಾಗೇ ತಣ್ಣಗೆ, ಹಿತವಾಗಿದೆ," ಎಂದು ಮೆಚ್ಚಿಕೊಂಡಿತು.

ನೊಣವೊಂದು ಬಂದು ಕೂತರೂ ಮೊಲದ ಕಿವಿ ಅಲುಗಲಿಲ್ಲ.